ಆಚೆ ದಂಡೆಯ ಓಮ್ನಿ

"ಮೇಡಮ್ಮಾರ, ಗಾಡಿಯೊಳಗ ಮಲಕ್ಕೊಂಡ್ರ ಸೊಳ್ಳಿ ಕಡಿಯಂಗಿಲ್ಲೇನ್ರಿ? ಅದನ್ನೊಂದ ನೀವು ಹೇಳೇ ಇಲ್ಲ ನೋಡ್ರಿ."

ಶೈಲಾ ನಕ್ಕು ಆ ಧ್ವನಿ ಸಂದೇಶವನ್ನು ಈ ಸಲದ ಕಂತಿಗೆ ತೆಗೆದಿಟ್ಟಳು. ಗೋಕಾಕದ ಮನೆಯ ಮುಂದೆ ನಿಂತ ಹಳೇ ಕ್ರೂಸರ್ ಗಾಡಿಯ ಕಿಡಕಿಗಳನ್ನೆಲ್ಲ ಏರಿಸಿಕೊಂಡು ಕೂತರೆ ಹೊರಗಿನ ಹಾರ್ನು, ನಾಯಿ, ಪಕ್ಕದ ಮನೆಯ ಮಿಕ್ಸರ್ ಯಾವುದೂ ಕೇಳುತ್ತಿರಲಿಲ್ಲ. ಅವಳೂ ಗಂಡ ಗುರುಪಾದನೂ ಇದರ ಹಿಂದಿನ ಸೀಟು ಕಿತ್ತು, ಹಲಗೆಯ ಮಂಚ ಹೊಡೆಸಿ, ಒಲೆ ಇಟ್ಟುಕೊಂಡು ರಜೆ ಸಿಕ್ಕಾಗೆಲ್ಲ ಊರೂರು ತಿರುಗುತ್ತಿದ್ದರು. ತಿರುಗಿದ್ದನ್ನು 'ಗಾಲಿ ಮನಿ' ಎಂಬ ಪಾಡ್‌ಕಾಸ್ಟಿನಲ್ಲಿ ಹೇಳುತ್ತಿದ್ದರು. ನಡುನಡುವೆ ಒಂದು ಕಂತು ಕೇಳುಗರ ಮಾತಿಗೇ ಮೀಸಲು. ಅದನ್ನು ಆರಿಸಿ ಜೋಡಿಸುವುದು ಶೈಲಾಳ ಕೆಲಸ.

ಅವಳು ಮುಂದಿನ ಸಂದೇಶ ಒತ್ತಿದಳು.

"ನಮಸ್ಕಾರ್ರಿ ಶೈಲಕ್ಕ. ನಾ ಪೂನಮ್ ಅಂತ್ರಿ, ನಿಡಸೋಸಿಯಾಕಿ. ನಿಮ್ಮ ಮಾತ ಕೇಳಿ ಕೇಳಿ ನಾವೂ ಓಮ್ನಿಯೊಳಗ ಹಾಸಿಗಿ ಹಾಕ್ಕೊಂಡು ಬಾದಾಮಿಗೆ ಹೊಂಟೇವ್ರಿ. ಮಗಳೂ ಅದಾಳ. ನೀವು ಹೋದ ಹಾದೀನ ಹಿಡದೇವಿ. ಅರಭಾವಿ ದಾಟೇವಿ, ಮಸಗುಪ್ಪಿ ಮ್ಯಾಲೆ ಆ ತಗ್ಗಿನ ಬ್ರಿಜ್ಜಿಗೆ ಬರ್ತೇವಿ. ಬ್ರಿಜ್ ಮ್ಯಾಲ ನೀರ ಬಂದೈತಿ ಅಂತ ಯಾರೋ ಅಂದ್ರು. ಓಂಕಾರ ಅಂದ್ರ ನಮ್ಮನಿಯವ್ರು, ಅವ್ರು ಅಂಜಿಬಿಟ್ರು. ನಾನ ಅಂದೆ, ಒಂದನೇ ಗೇರಿನ್ಯಾಗ ನಿಲ್ಲಸದ ಹೋದ್ರ ಏನೂ ಆಗಂಗಿಲ್ಲ ಅಂತ ಶೈಲಕ್ಕ ಹೇಳ್ಯಾರಲ್ಲ! ನಿಮ್ಮಿಂದ ಭಾಳ ಧೈರ್ಯ ಬಂತ್ರಿ ಅಕ್ಕ."

ಮಾತಿನ ಹಿಂದೆ ಒಂದು ಮಗು ಏನೋ ಹಾಡಿಕೊಳ್ಳುತ್ತಿತ್ತು.

ಸಂದೇಶ ಬಂದಿದ್ದು ಆಗಷ್ಟೇ. ಶೈಲಾ ಆ ನಂಬರಿಗೆ ಫೋನ್ ಹಚ್ಚಿದಳು. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಮತ್ತೆ ಹಚ್ಚಿದಳು, ಅದೇ ಉತ್ತರ. 'ದಾಟಬ್ಯಾಡ್ರಿ' ಎಂದು ಬರೆದು ಕಳಿಸಿದಳು. ಅದು ಹೋಗಿ ಮುಟ್ಟಲಿಲ್ಲ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ನದಿ ಕಡೆ ಯಾರೂ ಹೋಗಬೇಡಿ ಎಂದು ಮುಂಜಾನೆಯೇ ಓಣಿಯಲ್ಲಿ ಮೈಕಿನ ಆಟೋ ಹಾದುಹೋಗಿತ್ತು.

"ರೀ!" ಎಂದು ಕೂಗಿದಳು. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು.

ಗುರುಪಾದ ಚಹಾದ ಕಪ್ಪು ಹಿಡಿದುಕೊಂಡೇ ಬಂದ. ಅವಳು ಸಂದೇಶವನ್ನು ಮತ್ತೆ ಹಚ್ಚಿದಳು. ಅರ್ಧ ಕೇಳುವುದರೊಳಗೆ ಅವನು ಕಪ್ಪನ್ನು ಕಟ್ಟೆಯ ಮೇಲಿಟ್ಟು ಚಾವಿ ತರಲು ಒಳಗೆ ಓಡಿದ.

ದಾರಿಯಲ್ಲಿ ಶೈಲಾ ಪೊಲೀಸರಿಗೆ ಫೋನ್ ಮಾಡಿದಳು. ಅಲ್ಲಿಯವರಿಗೆ ತಿಳಿಸುತ್ತೇವೆ ಎಂದರು. ಎರಡೂ ಕಡೆ ಕಬ್ಬು, ರಸ್ತೆಯ ಮೇಲೆ ಟ್ರ್ಯಾಕ್ಟರಿನ ಕೆಸರು. ಗುರುಪಾದ ಎಂದೂ ಇಷ್ಟು ಜೋರಾಗಿ ಗಾಡಿ ಓಡಿಸಿದವನಲ್ಲ.

"ನಾವು ದಾಟಿದಾಗ ನೀರು ಪಾದ ಮುಳಗೂವಷ್ಟೂ ಇರ್ಲಿಲ್ಲ," ಎಂದ.

"ಹಂಗಂತ ನಾವು ಹೇಳೇವೇನು?"

ಆ ದಿನ ನಡು ಸೇತುವೆಯಲ್ಲಿ ಹಿಂದಿನ ಗಾಲಿ ಜಾರಿ ಶೈಲಾ ಚೀರಿದ್ದಳು. ಆ ಚೀರು ರೆಕಾರ್ಡ್ ಆಗಿತ್ತು. ಇದನ್ನು ಕೇಳಿದರೆ ಮಂದಿ ಗಾಡಿ ಹೊರಗೇ ತೆಗೆಯುವುದಿಲ್ಲ ಎಂದು ಅವನೇ ಅದನ್ನು ಕತ್ತರಿಸಿದ್ದ. ಬಿಡು, ಚಂದ ಆಯಿತು ಎಂದು ಅವಳೂ ಹೇಳಿದ್ದಳು. ನಿಲ್ಲಿಸದೆ ಹೋಗಿ, ನೀರಿಗೆ ಅಂಜಬೇಡಿ ಎಂಬ ಅವಳ ನಗುವಿನ ದನಿ ಮಾತ್ರ ಉಳಿದಿತ್ತು. ತಮ್ಮದು ಕಬ್ಬಿಣದ ಭಾರ ಗಾಡಿ. ಓಮ್ನಿ ತಗಡಿನ ಡಬ್ಬಿ.

ಸೇತುವೆ ಕಾಣುವ ಮೊದಲೇ ನದಿಯ ಸಪ್ಪಳ ಕೇಳಿಸಿತು. ಕೆಂಪು ನೀರು ಸೇತುವೆಯ ಮೇಲೆ ಹಾಯುತ್ತಿತ್ತು. ನಡುವಿನಲ್ಲಿ ಅಂಚಿನ ಕಲ್ಲುಗಳೇ ಕಾಣುತ್ತಿರಲಿಲ್ಲ, ಅವು ಇದ್ದ ಜಾಗದಲ್ಲಿ ನೀರು ಸುತ್ತಿ ಸುತ್ತಿ ಏಳುತ್ತಿತ್ತು. ಈಚೆ ದಂಡೆಯಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಮುದುಕನೊಬ್ಬ ಬಿಟ್ಟರೆ ಯಾರೂ ಇರಲಿಲ್ಲ. ಪೊಲೀಸರು ಇನ್ನೂ ಬಂದಿರಲಿಲ್ಲ.

ಆಚೆ ದಂಡೆಯಲ್ಲಿ ನೀರಿನ ಅಂಚಿಗೆ ಬಿಳೇ ಓಮ್ನಿ ನಿಂತಿತ್ತು.

"ಇನ್ನೂ ದಾಟಿಲ್ಲ!" ಎನ್ನುತ್ತ ಶೈಲಾ ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು. "ಬ್ಯಾಡ್ರೀ! ಬರಬ್ಯಾಡ್ರೀ!" ಎಂದು ಎರಡೂ ಕೈ ಎತ್ತಿ ಬೀಸಿದಳು. ನದಿಯ ಸಪ್ಪಳದಲ್ಲಿ ಆ ಕೂಗು ಅವಳ ಕಿವಿಗೇ ಸರಿಯಾಗಿ ಬೀಳಲಿಲ್ಲ.

ಓಮ್ನಿಯ ಕಿಡಕಿಯಿಂದ ಒಂದು ಕೈ ಹೊರಗೆ ಬಂತು. ಅದೂ ಬೀಸಿತು. ಹೆಡ್‌ಲೈಟ್ ಹತ್ತಿ, ಆರಿ, ಮತ್ತೆ ಹತ್ತಿತು. ಗಾಡಿ ಮೆಲ್ಲಗೆ ನೀರಿಗಿಳಿಯಿತು.

ಶೈಲಾಳ ಕೈಗಳು ಮೇಲೆಯೇ ನಿಂತವು. ಪಾಡ್‌ಕಾಸ್ಟಿನ ಮುಖಚಿತ್ರದಲ್ಲಿದ್ದ ಕಿತ್ತಳೆ ಬಣ್ಣದ ಕ್ರೂಸರ್ ಅವರಿಗೆ ಗುರುತು ಸಿಕ್ಕಿದೆ. ಗಾಲಿ ಮನಿಯ ಅಕ್ಕ ದಂಡೆಗೇ ಬಂದು ನಿಂತು ತಮ್ಮನ್ನು ಕರೆಯುತ್ತಿದ್ದಾಳೆ ಎಂದು ತಿಳಿದಿದ್ದಾರೆ.

"ರೀ, ನಾ ಕರಿಯಾಕತ್ತೇನಿ ಅಂತ ತಿಳಕೊಂಡಾರ್ರೀ!" ಅವಳು ಕೈ ಇಳಿಸಿ ಹಿಂದಕ್ಕೆ ಓಡಿದಳು. "ಗಾಡಿ ಅಡ್ಡ ಹಚ್ಚ್ರಿ! ಬ್ರಿಜ್ಜಿನ ಬಾಯಿಗೆ ಅಡ್ಡ ಹಚ್ಚ್ರಿ!"

ಗುರುಪಾದ ಎರಡು ಸಲ ಹಿಂದೆ ಮುಂದೆ ಮಾಡಿ ಕ್ರೂಸರನ್ನು ಸೇತುವೆಯ ಬಾಯಿಗೆ ಅಡ್ಡವಾಗಿ ನಿಲ್ಲಿಸಿ ಇಳಿದ. ಈಗ ಈ ಕಡೆಗೆ ಹಾದಿಯೇ ಇರಲಿಲ್ಲ.

ಓಮ್ನಿ ಇನ್ನೂ ಬರುತ್ತಿತ್ತು. ನೀರು ಅದರ ಮುಂದಿನ ಬಂಪರಿಗೆ ಬಡಿದು ಎರಡು ಸೀಳಾಯಿತು. ಮುದುಕ ಎಮ್ಮೆಯ ಹಗ್ಗ ಬಿಟ್ಟು "ಶಿವಶಿವಾ" ಎಂದ. ಸ್ವಲ್ಪ ದೂರ ಬಂದು ಗಾಡಿ ನಿಂತಿತು. ನಿಲ್ಲಿಸಬೇಡಿ ಎಂದು ಶೈಲಾ ತಾನೇ ಹೇಳಿದ್ದಳು, ಈಗ ನಿಂತಿದೆ. ಎಂಜಿನ್ ಬಂದ್ ಬಿದ್ದರೆ? ಓಮ್ನಿಯ ಹಿಂಭಾಗ ಎತ್ತಿದಂತಾಗಿ ನೀರು ಹರಿಯುವ ಕಡೆಗೆ ಸರಿಯಿತು. ಒಳಗಿನ ಮಗುವಿನ ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದೂ ಅವಳು ಆ ಗಾಜಿನಲ್ಲಿ ಅದನ್ನೇ ಹುಡುಕಿದಳು.

"ಹಿಂದ ತಗೋ ತಮ್ಮಾ, ಹಿಂದ ತಗೋ," ಎಂದು ಗುರುಪಾದ ತನ್ನಷ್ಟಕ್ಕೆ ಅನ್ನುತ್ತಿದ್ದ. ಅವನ ಎಡಗೈ ಗಾಳಿಯಲ್ಲೇ ಇಲ್ಲದ ಗೇರನ್ನು ಎಳೆಯುತ್ತಿತ್ತು.

ಗಾಲಿಗೆ ಎಲ್ಲಿಯೋ ನೆಲ ಸಿಕ್ಕಿತು. ಓಮ್ನಿ ಒಮ್ಮೆ ಜಗ್ಗಿ, ಸೊಟ್ಟಗೆ ಹಿಂದಕ್ಕೆ ಹೋಯಿತು. ಮತ್ತೆ ನಿಂತಿತು. ಮತ್ತೆ ಹೋಯಿತು. ಬಹಳ ಹೊತ್ತಿನ ಮೇಲೆ ಅದರ ಹಿಂದಿನ ಗಾಲಿಗಳು, ಆಮೇಲೆ ಮುಂದಿನವು, ಆಚೆಯ ಮಣ್ಣಿನ ಮೇಲೆ ಕಂಡವು. ಬಾಗಿಲಿನ ಸಂದಿಯಿಂದ ಕೆಂಪು ನೀರು ಸುರಿಯುತ್ತಿತ್ತು.

ಗುರುಪಾದ ರಸ್ತೆಯ ಮೇಲೆಯೇ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಮುದುಕ ಹತ್ತಿರ ಬಂದು ಕೇಳಿದ, "ನಿಮ್ಮವ್ರೇನ್ರಿ ಯವ್ವಾ?"

ಶೈಲಾ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಆಚೆ ದಂಡೆಯಲ್ಲಿ ಗಂಡಸೊಬ್ಬ ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದು ಅದಕ್ಕೇ ಆತು ನಿಂತ. ಹಸಿರು ಸೀರೆಯ ಹೆಂಗಸು ಮಗುವನ್ನು ಎತ್ತಿಕೊಂಡು ಇಳಿದಳು. ಇಷ್ಟು ದೂರದಿಂದ ಅವಳ ಮುಖದಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ. ಅವಳು ಈ ಕಡೆಗೇ ನೋಡುತ್ತ ನಿಂತಿದ್ದಳು. ನಡುವೆ ನದಿ ಇನ್ನೂ ಏರುತ್ತಿತ್ತು.

ಅವಳ ಸೊಂಟದ ಮೇಲಿನ ಮಗು ಕೈ ಎತ್ತಿ ಬೀಸಿತು. ನಿಲ್ಲಿಸಿ, ಕಾದು, ಮತ್ತೆ ಬೀಸಿತು.

ಶೈಲಾ ತನ್ನ ಎರಡೂ ಕೈಗಳನ್ನು ದುಪಟ್ಟಾದೊಳಗೆ ಬಿಗಿಯಾಗಿ ಸುತ್ತಿಕೊಂಡು ನಿಂತಲ್ಲೇ ನಿಂತಳು.