ಹಲ್ಲಲ್ಲಿ ಹಿಡಿದ ಮೀನು

ಮೀನು ಹಿಡಿಯುವ ನಮ್ಮ ಗಂಡಸರಿಗೆ ದೇವರು ಮೂರನೆಯ ಕೈ ಕೊಡಲಿಲ್ಲ. ಅದಕ್ಕೇ ಒಂದು ಮೀನು ಸಿಕ್ಕಿತೋ, ಹಲ್ಲಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಕೈ ಹಾಕುತ್ತಾರೆ. ಪಕ್ಕದಲ್ಲೇ ಹೆಂಡತಿ ಬುಟ್ಟಿ ಹಿಡಿದು ನಿಂತಿದ್ದರೂ ಅಷ್ಟೇ.

ಗೋವಾ ಬಿಡುಗಡೆಯಾದ ಮರುಬೇಸಿಗೆ, ಹಿರೇಗುತ್ತಿಯ ಹತ್ತಿರ ಹೊಳೆಯ ನೀರು ಇಳಿದಿತ್ತು. ನನ್ನ ಗಂಡ ದುರ್ಗಪ್ಪ ಬೆರಳುದ್ದದ ಮೀನೊಂದನ್ನು ಕಚ್ಚಿಕೊಂಡು ಬಗ್ಗಿದ್ದ. ಎರಡನೆಯದು ಕೈಯಿಂದ ಜಾರಿತು. ಅದನ್ನು ಬೈಯಲು ಬಾಯಿ ತೆರೆದ. ಬಾಯಲ್ಲಿದ್ದದ್ದು ತಲೆ ಮುಂದಾಗಿ ಗಂಟಲಿಗೆ ನುಗ್ಗಿತು.

ಮೊದಲು ನನಗೆ ನಗು ಬಂತು. ಆಮೇಲೆ ಅವನ ಕಣ್ಣು ನೋಡಿದೆ. ಕೆಮ್ಮಲು ಒದ್ದಾಡುತ್ತಿದ್ದಾನೆ, ಸದ್ದೇ ಇಲ್ಲ. ಮೈದುನ ರಮಾನಂದ ಓಡಿ ಬಂದು, ನಾಲಿಗೆಯ ಹಿಂದೆ ಕಾಣುತ್ತಿದ್ದ ಬಾಲ ಹಿಡಿದು ಜಗ್ಗಿದ. ರಕ್ತ ಬಂತು, ಮೀನು ಬರಲಿಲ್ಲ. ಅವನ ಕೈಗೆ ಹೊಡೆದೆ.

"ಎಳೀಬೇಡ, ತಮ್ಮಾ. ಎಳದಷ್ಟೂ ರೆಕ್ಕೆ ಮುಳ್ಳು ಬಿಚ್ಕಂತದೆ."

ಗಂಡನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಮೀನು ಕೊಂಚ ಸರಿದಿರಬೇಕು, ಸಿಳ್ಳೆಯ ಹಾಗೆ ಸಣ್ಣಗೆ ಅವನ ಉಸಿರಾಡಿತು. ಮುಳ್ಳು ಸಿಕ್ಕಿದಾಗ ಕೊಡುವಂತೆ ಅನ್ನದ ಉಂಡೆ ನುಂಗಿಸೋಣ ಎಂದ ರಮಾನಂದ. ಇದು ಅನ್ನ ಹೋಗುವ ದಾರಿಯಲ್ಲಿಲ್ಲ, ಉಸಿರಿನ ಬಾಗಿಲಲ್ಲಿ ಕೂತಿದೆ, ಇರುವ ಸಂದನ್ನೂ ಮುಚ್ಚಬೇಡ ಎಂದು ಗದರಿ, ದೋಣಿ ಬಿಡಿಸಿದೆ. ಹೊಳೆ ದಾಟಿದರೆ ಕುಮಟೆಯ ದವಾಖಾನೆ.

ದೋಣಿಯಲ್ಲಿ ಅವನನ್ನು ಮಲಗಿಸಲಿಲ್ಲ, ಮುಂದಕ್ಕೆ ಬಾಗಿಸಿ ಕೂರಿಸಿದೆ. ಆ ಸಿಳ್ಳೆಗೇ ಕಿವಿ ಕೊಟ್ಟು ಕುಳಿತೆ. ರಮಾನಂದ ದೇವರ ಹೆಸರು ಹೇಳುತ್ತ ಹುಟ್ಟು ಹಾಕುತ್ತಿದ್ದ, ಸುಮ್ಮನಿರು ಎಂದೆ. ನಡುಹೊಳೆಯಲ್ಲಿ ಸಿಳ್ಳೆ ನಿಂತಿತು. ಬೆನ್ನಿಗೆ ಎಷ್ಟು ಗುದ್ದಿದರೂ ಅಲುಗಲಿಲ್ಲ. ತುಟಿ ನೀಲಿಯಾಗಿ ಅವನು ನನ್ನ ಮಡಿಲಿಗೆ ಕುಸಿದ.

ಅವನ ಬಾಯಿ ಅಗಲಿಸಿದೆ, ಬಾಲ ಕಂಡಿತು. ಆದರೆ ಬಲೆಯ ಕಣ್ಣಿಗೆ ಸಿಕ್ಕ ಮೀನನ್ನು ನಾವು ಹಿಂದಕ್ಕೆ ಎಳೆಯುವುದಿಲ್ಲ. ತುಸು ಮುಂದೆ ದೂಡಿ, ರೆಕ್ಕೆ ಮಡಚಿ ಬಿಡಿಸುತ್ತೇವೆ. ಎರಡು ಬೆರಳನ್ನು ಬಾಲದ ಎರಡೂ ಬದಿಗೆ ತೂರಿಸಿದೆ. ಕೂದಲೆಳೆಯಷ್ಟು ದೂಡಿದೆ, ಮುಳ್ಳುಗಳನ್ನು ಮೀನಿನ ಮೈಗೆ ಒತ್ತಿ ಹಿಡಿದೆ, ಎಳೆದೆ.

ಬಂತು. ಇಡೀ ಮೀನು.

ಅವನು ಮಾತ್ರ ಮಿಸುಕಲಿಲ್ಲ. ಮುರಿದ ಮುಳ್ಳೇನಾದರೂ ಉಳಿದಿದೆಯೇ ಎಂದು ಮತ್ತೆ ಬೆರಳು ಹಾಕಿದೆ. ಅಷ್ಟರಲ್ಲಿ ಅವನ ದವಡೆ ಕಟಕ್ಕನೆ ಮುಚ್ಚಿಕೊಂಡಿತು. ಹಲ್ಲು ನನ್ನ ಬೆರಳಿಗೆ ಎಲುಬಿನವರೆಗೆ ಇಳಿಯಿತು.

ರಮಾನಂದ ಬಿಡಿಸಲು ಬಂದ. ನಾನು ಅಳುತ್ತ ಅವನನ್ನು ತಡೆದೆ.

"ಕಚ್ಲಿ ಬಿಡು, ತಮ್ಮಾ. ಇನ್ನೂ ಗಟ್ಟಿ ಕಚ್ಲಿ."