ಅನ್ಸೆಲ್ಮ್ ಹೆಣೆಯದ ಬಲೆ

ಅನ್ಸೆಲ್ಮ್‌ನ ತಲೆಯೊಳಗೆ ಎಂಟು ಕೋಟಿ ಹೊಸ ನರಕೋಶಗಳಿದ್ದವು. ಅವನು ಮಲಗಿದರೂ ಅವು ಮಲಗುತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹತ್ತು ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸೀಗಡಿ ಹಿಡಿಯುವ ಬೋನುಗಳಿಗೆ ಬಲೆ ಹೆಣೆದು ಮುಗಿದಿರುತ್ತಿತ್ತು! ಕೇಪ್ ಬ್ರೆಟನ್ ದ್ವೀಪದ ಆ ಮೀನುಗಾರರ ಹಳ್ಳಿಯಲ್ಲಿ ಅವನು ಇದನ್ನು ಹೇಳದ ಮನೆಯಿರಲಿಲ್ಲ.

ಎಲ್ಲರೂ ನಕ್ಕರು. ನಂಬಿದವನು ತಮ್ಮ ಪ್ಲಾಸಿಡ್ ಒಬ್ಬನೇ. ಅಣ್ಣನ ನಡುಕದ ಕಾಯಿಲೆ, ಆ ಪಾರ್ಕಿನ್ಸನ್, ಈಗ ಅವನಿಗೂ ಹಿಡಿದಿತ್ತು. ಚಮಚದ ಸೂಪು ಬಾಯಿ ಸೇರುವಷ್ಟರಲ್ಲಿ ಅರ್ಧ ಅಂಗಿಯ ಪಾಲಾಗುತ್ತಿತ್ತು. ಕಳೆದ ವರ್ಷ ಅಣ್ಣ ಹೋಗಿ ಹೊಸ ನರಕೋಶ ಹಾಕಿಸಿಕೊಂಡು ಬಂದ ಕಡಲಾಚೆಯ ಕ್ಲಿನಿಕ್ಕಿಗೆ ಮರುದಿನವೇ ತಮ್ಮನ ಪ್ರಯಾಣ.

ಅಕ್ಕನ ಮಗಳು ಲಿಯೋನಿ ಊರಿನ ನರ್ಸು. ಬಂದವಳೇ ಪ್ಲಾಸಿಡ್ ಕಟ್ಟಿಟ್ಟಿದ್ದ ಪೆಟ್ಟಿಗೆಯ ಮೇಲೆ ಕುಳಿತಳು.

"ಏಳೇ, ಅದ್ರಲ್ಲಿ ನನ್ನ ಒಳ್ಳೆ ಅಂಗಿ ಇದೆ," ಎಂದ ಪ್ಲಾಸಿಡ್.

"ಅಂಗಿ ಬಿಡಿ ಮಾವ, ತಲೆಗೇನು ಹಾಕ್ತಾರೆ ಅಂತ ಕೇಳಿದ್ರಾ? ಎಲ್ಲಿಂದ ತಂದಿದ್ದಂತೆ? ಹಾಕಿಸ್ಕೊಂಡೋರೆಲ್ಲ ಈಗ ಹೇಗಿದಾರಂತೆ?"

"ಕೇಳೋದೇನು? ಎದುರಿಗೇ ಕೂತಿದಾನಲ್ಲ ನಮ್ಮಣ್ಣ, ಗೂಳಿ ಹಾಗೆ!"

ಗೂಳಿ ಎದೆಯುಬ್ಬಿಸಿತು. ಕೈಗಳು ಮಾತ್ರ ಕೋಟಿನ ಜೇಬಿನಲ್ಲಿದ್ದವು. ಚಳಿಗಾಲವಿಡೀ ಅಲ್ಲೇ ಇದ್ದವು.

"ಸತ್ತ ಕೋಶದ ಜಾಗಕ್ಕೆ ಹೊಸದು ನೆಡೋದು ಸುಳ್ಳಲ್ಲ ಮಾವ," ಎಂದಳು ಲಿಯೋನಿ. "ದೊಡ್ಡ ಆಸ್ಪತ್ರೆಗಳಲ್ಲಿ ನಡೀತಿದೆ. ಆದ್ರೆ ಅದಿನ್ನೂ ಪರೀಕ್ಷೆ, ಖಚಿತ ಚಿಕಿತ್ಸೆ ಅಲ್ಲ. ಫಲ ಕಾಣೋಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಕೆಲವರಿಗೆ ಏನೂ ಆಗಲ್ಲ. ಅಡ್ಡಾದಿಡ್ಡಿ ಬೆಳೆದ್ರೆ ತಲೇಲಿ ಗಡ್ಡೆ. ಬೆಳಗ್ಗೆ ಚುಚ್ಚಿ ಸಂಜೆ ಕಳಿಸೋರು ಇದನ್ನೆಲ್ಲ ಹೇಳಿದ್ರಾ?"

"ಇವಳಿಗೆ ಹೊಟ್ಟೆಕಿಚ್ಚು ಕಣೋ," ಎಂದ ಅನ್ಸೆಲ್ಮ್. "ಇವಳ ಮಾತ್ರೆಗಿಂತ ಅವರ ಸೂಜಿ ದೊಡ್ಡದು ಅಂತ."

ಪ್ಲಾಸಿಡ್ ನಕ್ಕು, ಗೂಟದಲ್ಲಿದ್ದ ದಾರದ ಉಂಡೆ, ಹೆಣೆಯುವ ಸೂಜಿ ತಂದು ಅಣ್ಣನ ಮುಂದಿಟ್ಟ. ಅವರ ಮನೆಯಲ್ಲಿ ವರ್ಷದ ಮೊದಲ ಬೋನಿಗೆ ಹಿರಿಯನ ಕೈಯ ಬಲೆಯೇ ಆಗಬೇಕು.

"ನಾನು ವಾಪಸ್ ಬರೋಷ್ಟರಲ್ಲಿ ಕಡಲಿಗೆ ಬೋನು ಇಳಿಸೋ ಕಾಲ ಬಂದಿರುತ್ತೆ. ಈಗ್ಲೇ ಹೆಣೆದು ಕೊಡಣ್ಣ. ಇವಳೂ ನೋಡ್ಲಿ."

ಜೇಬಿನಿಂದ ಕೈಗಳು ಹೊರಬಂದವು. ಏಳು ಹಳ್ಳಿಗೆ ಹಂಚಿದರೂ ಮಿಗುವಷ್ಟು ನಡುಕ. ಮೊದಲ ಗಂಟೇ ಬೀಳಲಿಲ್ಲ. ಸೂಜಿ ಜಾರಿತು. ಎತ್ತಿಕೊಂಡ. ಮತ್ತೆ ಜಾರಿತು. ಮೂರನೆಯ ಸಲ ಜಾರಿದಾಗ ಯಾರೂ ಅದನ್ನು ಎತ್ತಲಿಲ್ಲ.

"ಆ ಹತ್ತು ಬಲೆ?" ಪ್ಲಾಸಿಡ್‌ನ ದನಿ ಇಳಿದಿತ್ತು.

"ಅಂಗಡೀದು."

"ನಾಳೆ ನನ್ನನ್ನ ಹೋಗೋಕೆ ಬಿಡ್ತಿದ್ದೆ ನೀನು!"

ಲಿಯೋನಿ ಪೆಟ್ಟಿಗೆಯಿಂದ ಎದ್ದಳು. ಪ್ಲಾಸಿಡ್ ಅದನ್ನು ತೆರೆದು, ಒಳ್ಳೆಯ ಅಂಗಿಯನ್ನು ತಿರುಗಿ ಮೊಳೆಗೆ ನೇತುಹಾಕಿದ. ದೊಡ್ಡ ಆಸ್ಪತ್ರೆಯ ಪರೀಕ್ಷೆಗೆ ಅವನ ಹೆಸರನ್ನು ಲಿಯೋನಿ ಬರೆದುಕೊಂಡಳು. "ತಗೊಳ್ತಾರೆ ಅಂತ ಮಾತು ಕೊಡಲಾರೆ ಮಾವ. ಅಲ್ಲೀತನಕ ಮಾತ್ರೆ ತಪ್ಪಿಸ್ಬೇಡಿ."

ಭಾನುವಾರ ಚರ್ಚಿನ ಅಂಗಳದಲ್ಲಿ ಅನ್ಸೆಲ್ಮ್ ಕೈಗಳನ್ನು ಜೇಬಿನಿಂದ ಹೊರಗಿಟ್ಟುಕೊಂಡೇ ನಿಂತ.

"ಹೊಸ ನರಕೋಶ ಹಾಕ್ತೀವಿ ಅಂತ ಯಾರಾದ್ರೂ ನಿಮ್ಮನ್ನ ಕರೆದ್ರೆ, ಇದು ಪರೀಕ್ಷೆನಾ ಅಂತ ಕೇಳಿ. ಯಾರು ಒಪ್ಪಿಗೆ ಕೊಟ್ಟಿದಾರೆ ಕೇಳಿ. ಪರೀಕ್ಷೆ ಅಂದು ನಿಮ್ಮಿಂದಲೇ ಹಣ ಕೇಳಿದ್ರೆ, ಖಂಡಿತ ಗುಣ ಅಂದ್ರೆ, ಎದ್ದು ಬಂದುಬಿಡಿ. ನಿಮ್ಮ ಡಾಕ್ಟರಿಗೆ ತೋರಿಸದೆ ಸಹಿ ಹಾಕ್ಬೇಡಿ. ಮೋಸ ಹೋಗಿದ್ರೆ ನನ್ನ ಹಾಗೆ ಬಚ್ಚಿಡಬೇಡಿ, ಹೇಳಿ, ಇನ್ನೊಬ್ಬರು ಉಳ್ಕೊಳ್ತಾರೆ. ನನ್ನ ತಲೇಲಿ ಎಂಟು ಕೋಟಿ ಕೋಶ ಇದೆ ಅಂದಿದ್ನಲ್ಲ, ಸುಳ್ಳು. ಸ್ಕ್ಯಾನಲ್ಲಿ ಕಂಡಿದ್ದು ಒಂದು ಗಡ್ಡೆ. ಅದು ಬೆಳೀತಿದೆ."