ಮುದ್ದೆ ಅಗಿಯುವ ದೇಶ

ಹೇಮಶ್ರೀ ಕೀನ್ಯಾಕ್ಕೆ ಹೊರಡುವ ಮೊದಲೇ ಬೂಕನಕೆರೆಯವರೆಲ್ಲ ಕೀನ್ಯಾ ನೋಡಿ ಮುಗಿಸಿದ್ದರು. ಧರ್ಮಸ್ಥಳದಿಂದಾಚೆಗೆ ಕಾಲಿಡದ ಚಿಕ್ಕಪ್ಪ ಕೆಂಪಣ್ಣ, "ಸಿಂಹಗೋಳು ಬಸ್‌ಸ್ಟ್ಯಾಂಡಲ್ಲೇ ಮಲ್ಗಿರ್ತವೆ ಕಣವ್ವ, ಉಸಾರು," ಎಂದು ಕಣ್ಣಾರೆ ಕಂಡವನಂತೆ ಹೇಳಿದ್ದ. ಅಜ್ಜಿ ಬೈರಮ್ಮನಿಗೆ ಸಿಂಹಕ್ಕಿಂತ ಹೊಟ್ಟೆಯ ಚಿಂತೆ ದೊಡ್ಡದು. "ಅಲ್ಲಿ ರಾಗಿ ಯಾರ್ ಕಂಡವ್ರೆ?" ಎಂದು ಹಿಟ್ಟಿನ ಗಂಟನ್ನು ಸೂಟ್‌ಕೇಸಿನ ತಳಕ್ಕೆ ತುರುಕಿದ್ದಳು.

ಹಾಲು ಪರೀಕ್ಷಿಸುವ ಯಂತ್ರ ಮಾರುವ ಮೈಸೂರಿನ ಕಂಪನಿಯಲ್ಲಿ ಹೇಮಶ್ರೀಗೆ ಕೆಲಸ. ಕೀನ್ಯಾದ ಹಾಲಿನ ಸಂಘವೊಂದು ಯಂತ್ರ ಕೊಂಡಿತ್ತು. ಅಲ್ಲಿನ ಹೆಂಗಸರಿಗೆ ಅದನ್ನು ಕಲಿಸಿ ಬಂದರೆ ಕೆಲಸ ಕಾಯಂ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿಯನ್ನೇ ಕಳಿಸಿದ್ದೇಕೆಂದರೆ, ಆಫೀಸಿನಲ್ಲಿ ಪಾಸ್‌ಪೋರ್ಟ್ ಇದ್ದದ್ದು ಅವಳೊಬ್ಬಳ ಬಳಿ. ಅದನ್ನೂ ಅಪ್ಪ "ಯಾತಕ್ಕಾದ್ರೂ ಇರ್ಲಿ" ಎಂದು ಮಾಡಿಸಿಟ್ಟಿದ್ದ.

ವಿಮಾನ ಇಳಿದು ಜೀಪಿನಲ್ಲಿ ಗುಡ್ಡದೂರಿಗೆ ಹೋಗುವಾಗ ಅವಳು ಕಿಟಕಿಗೆ ಮೂಗೊತ್ತಿ ಪರದೇಶಕ್ಕಾಗಿ ಕಾದಳು. ಅದು ಬರಲಿಲ್ಲ. ಬಂದದ್ದು ಮುಸುಕಿನ ಜೋಳದ ಹೊಲ, ರಸ್ತೆಗೆ ಅಡ್ಡ ನಿಂತು ಹಾರನ್ನಿಗೆ ಕಿವಿಗೊಡದ ಹಸು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು, ಮೊಬೈಲ್ ರೀಚಾರ್ಜಿನ ಅಂಗಡಿ. ಮಣ್ಣು ಒಂದಿಷ್ಟು ಹೆಚ್ಚು ಕೆಂಪು, ಮಿಕ್ಕಿದ್ದೆಲ್ಲ ಬೂಕನಕೆರೆಯ ಪಕ್ಕದ ಕಿಕ್ಕೇರಿ. ಅಷ್ಟು ದೂರ ಹಾರಿಸಿ ತಂದು ಕಿಕ್ಕೇರಿಯಲ್ಲಿ ಇಳಿಸಿಬಿಟ್ಟರಲ್ಲ ಎಂದು ಅವಳಿಗೆ ಮೋಸಹೋದಂತಾಯಿತು.

ಸಂಘದ ಹೆಂಗಸರಿಗೂ ಮೋಸವೇ ಆಗಿತ್ತು. ಟೀವಿ ಧಾರಾವಾಹಿಗಳಲ್ಲಿ ಇಂಡಿಯಾ ನೋಡಿದ್ದ ಅವರು ಮಲಗುವಾಗಲೂ ಒಡವೆ ಬಿಚ್ಚದ ಹೆಂಗಸನ್ನು ಕಾಯುತ್ತಿದ್ದರು. ಬಂದವಳು ಚೂಡಿದಾರದ ಸಣಕಲು ಹುಡುಗಿ. ಸಂಘದ ಕಾರ್ಯದರ್ಶಿ ಚೆಬೆಟ್ ಎಲ್ಲರ ಪರವಾಗಿ ಇಂಗ್ಲಿಷಿನಲ್ಲಿ ಕೇಳಿದಳು: "ನಿನ್ನ ಅತ್ತೆ ಎಷ್ಟು ಕೆಟ್ಟವಳು?"

ಮದುವೆಯೇ ಆಗಿಲ್ಲ ಎಂದಾಗ ಸಭೆಯ ಅರ್ಧ ಆಸಕ್ತಿ ಹೋಯಿತು. ಹೇಮಶ್ರೀ ತಲೆ ತಗ್ಗಿಸಿ ಯಂತ್ರಕ್ಕೇ ಪಾಠ ಹೇಳತೊಡಗಿದಾಗ ಮಿಕ್ಕರ್ಧವೂ ಹೋಯಿತು. ಹಾಲು ಕರೆಯುವ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಎದ್ದರು.

ಸಂಜೆ ಮೈಸೂರಿನಿಂದ ಮ್ಯಾನೇಜರ್ ಧರ್ಮೇಂದ್ರನ ಫೋನು. "ಏನಮ್ಮಾ, ಎಲ್ರೂ ಅರ್ಧಕ್ಕೇ ಎದ್ದೋದ್ರಂತೆ? ನಾಳೇನೂ ಇಂಗೇ ಆದ್ರೆ ನೀನು ಬಂದ್ಬುಡು. ರಮ್ಯನ್ನ ಕಳಿಸ್ತೀನಿ, ಅವ್ಳು ಕಲ್ಲನ್ನಾದ್ರೂ ಮಾತಾಡಿಸ್ತಾಳೆ. ಪಾಸ್‌ಪೋರ್ಟೂ ಮಾಡ್ಸವ್ಳೆ ಈಗ."

ಮರುದಿನ ಬೆಳಗ್ಗೆಯೂ ಹೇಮಶ್ರೀಯ ದನಿ ಮೊದಲ ಸಾಲನ್ನು ದಾಟಲಿಲ್ಲ. ಬಂದಿದ್ದವರು ಊಟಕ್ಕಷ್ಟೇ ಕಾದಂತಿದ್ದರು. ಮಧ್ಯಾಹ್ನ ಚೆಬೆಟ್ ಅವಳ ಮುಂದೆ ತಟ್ಟೆ ಇಟ್ಟಳು. ಹೇಮಶ್ರೀ ತಟ್ಟೆ ನೋಡಿದಳು, ಚೆಬೆಟ್‌ಳ ಮುಖ ನೋಡಿದಳು, ಮತ್ತೆ ತಟ್ಟೆ ನೋಡಿದಳು. ಮುದ್ದೆ! ಸಾಕ್ಷಾತ್ ರಾಗಿಮುದ್ದೆ, ಪಕ್ಕದಲ್ಲಿ ಬೇಯಿಸಿದ ಸೊಪ್ಪು. ಅಜ್ಜಿಯ ಹಿಟ್ಟಿನ ಗಂಟು ಸೂಟ್‌ಕೇಸಿನೊಳಗೇ ನಾಚಿಕೊಂಡಿರಬೇಕು.

ಬ್ರೆಡ್ಡು ತಿಂದು ಒಣಗಿದ್ದ ಹೊಟ್ಟೆ. ಒಂದು ತುತ್ತು ಮುರಿದು, ಸೊಪ್ಪಿನ ರಸದಲ್ಲಿ ಹೊರಳಿಸಿ, ಗುಳುಕ್ಕನೆ ನುಂಗಿದಳು. ಇನ್ನೊಂದನ್ನೂ ನುಂಗಿ ತಲೆಯೆತ್ತಿದರೆ ಎಲ್ಲರ ಕಣ್ಣೂ ಅವಳ ಗಂಟಲ ಮೇಲೆ.

"ಹಲ್ಲು ನೋವೇ?" ಎಂದಳು ಚೆಬೆಟ್.

"ಇಲ್ಲವಲ್ಲ."

"ಮತ್ತೆ ಅಗಿಯುವುದಿಲ್ಲವಲ್ಲ ನೀನು!"

ಆಗ ಹೇಮಶ್ರೀ ಸುತ್ತ ನೋಡಿದಳು. ಎಲ್ಲರೂ ಅಗಿಯುತ್ತಿದ್ದರು. ಮುದ್ದೆಯನ್ನು, ಮೆಲುಕು ಹಾಕಿದ ಹಾಗೆ, ನಿಧಾನವಾಗಿ. ಪರದೇಶ ಕೊನೆಗೂ ಬಂದಿತ್ತು.

"ಅಯ್ಯೋ ಶಿವನೇ, ಮುದ್ದೇನ ಯಾರಾದ್ರೂ ಅಗೀತಾರಾ!" ಎಂದು ಅವಳು ಕನ್ನಡದಲ್ಲೇ ಕೂಗಿಬಿಟ್ಟಳು. ಅಷ್ಟು ದೊಡ್ಡ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಎದ್ದು ಸಾಲಿನುದ್ದಕ್ಕೂ ಹೋಗಿ ತುತ್ತು ಮಾಡಿ ತೋರಿಸಿದಳು. ನಾಲಿಗೆಯ ಮೇಲಿಡಬೇಕು, ಹಲ್ಲಿಗೆ ತಿಳಿಯಬಾರದು, ಗಂಟಲು ಸಡಿಲ ಬಿಡಬೇಕು. ಒಬ್ಬ ಮುದುಕಿ ಕೆಮ್ಮಿ ಕಣ್ಣೀರಾದಳು. ಎರಡನೆಯ ಸಲ ನುಂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಅದೇ ಗಲಾಟೆಯಲ್ಲಿ ಪಾಠ ತುತ್ತಿನಿಂದ ಯಂತ್ರಕ್ಕೆ ಜಾರಿದ್ದು ಹೇಳುವವಳಿಗೂ ತಿಳಿಯಲಿಲ್ಲ, ಕೇಳುವವರಿಗೂ ತಿಳಿಯಲಿಲ್ಲ.

ಅದೇ ಮುದುಕಿಯ ಹಾಲಿನಲ್ಲಿ ಯಂತ್ರ ನೀರು ತೋರಿಸಿತು. "ಇವತ್ತು ಹಸು ನೀರು ಜಾಸ್ತಿ ಕುಡಿದಿತ್ತು," ಎಂದಳು ಮುದುಕಿ. ಬೂಕನಕೆರೆ ಡೈರಿಯಲ್ಲಿ ಬೈರಮ್ಮ ಹೇಳುತ್ತ ಬಂದ ಮಾತು ಅಕ್ಷರ ತಪ್ಪದೆ ಇಲ್ಲೂ ಇತ್ತು. ಹೇಮಶ್ರೀ ಸೊಂಟದ ಮೇಲೆ ಕೈಯಿಟ್ಟು, "ಹಸು ಕುಡೀತೋ, ಕ್ಯಾನು ಕುಡೀತೋ ಅಜ್ಜಿ?" ಎಂದಳು. ಚೆಬೆಟ್ ಅದನ್ನು ಅವರ ಭಾಷೆಯಲ್ಲಿ ಹೇಳಿ ಮುಗಿಸುವ ಮೊದಲೇ ಮುದುಕಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಕತ್ತಲಾಗುವವರೆಗೆ ಯಾರೂ ಏಳಲಿಲ್ಲ.

"ಇನ್ನೊಂದ್ ವಾರ ನಿನ್ನ ಅಲ್ಲೇ ಬುಡಿ ಅಂತಾವ್ರೆ ಕಣಮ್ಮಾ!" ಎಂದ ಧರ್ಮೇಂದ್ರ, ಆ ರಾತ್ರಿ ಫೋನಿನಲ್ಲಿ. "ಕೆಲ್ಸ ಕಾಯಂ, ತಿಳ್ಕೊ. ನಮ್ ಮಿಷನ್ನು ಅಷ್ಟು ಹಿಡಿಸ್ಬುಡ್ತಾ ಅವ್ರಿಗೆ?"

"ಹೂಂ ಸಾರ್," ಎಂದಳು ಹೇಮಶ್ರೀ. ಮಿಷನ್ನಿನ ಮರ್ಯಾದೆ ಯಾಕೆ ತೆಗೆಯಬೇಕು?

ಆಮೇಲೆ ಅಜ್ಜಿಗೆ ಫೋನು ಮಾಡಿದಳು.

"ಸಿಂಹ ಕಂಡ್ಯವ್ವ?"

"ಇಲ್ಲಜ್ಜಿ. ಕೆಲ್ಸ ಕಾಯಂ ಆಯ್ತು. ಇಲ್ಲೂ ಮುದ್ದೆ ಉಣ್ತಾರೆ. ಆದ್ರೆ... ಅಗೀತಾರೆ."

ಬೈರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಮುದ್ದೇನ?"

"ಮುದ್ದೇನೇ."

"ಬಂದ್ಬುಡು ಮಗ," ಎಂದಳು ಬೈರಮ್ಮ. "ಕೆಲ್ಸ ಆಳಾಗೋಗ್ಲಿ. ಬರೀ ಸಿಂಹ ಅವೆ ಅಂದಿದ್ಕೆ ನಾನು ಕಳ್ಸಿದ್ದು."